ಸರ್ಪಸುತ್ತಿನ ನೋವಿಗೆ ನರತಡೆ

ಬಸವಕಲ್ಯಾಣದ ಸಂತೆಯಲ್ಲಾಗಲಿ, ಹುಮನಾಬಾದಿನ ಬಸ್ ನಿಲ್ದಾಣದಲ್ಲಾಗಲಿ ಸ್ವಲ್ಪ ಹೊತ್ತು ನಿಂತವರ ಕಿವಿಗೆ ಕನ್ನಡ, ಮರಾಠಿ, ಉರ್ದು, ತೆಲುಗು ಎಂಬ ನಾಲ್ಕು ಭಾಷೆಗಳೂ ಬೀಳುತ್ತವೆ. ಬೀದರ್ ಜಿಲ್ಲೆಯ ಈ ಗಡಿನಾಡಿನಲ್ಲಿ ಒಂದೊಂದು ವಸ್ತುವಿಗೂ ಎರಡು ಮೂರು ಹೆಸರುಗಳಿರುವುದು ಸಹಜ. ಆದರೆ ಒಂದು ಬೇನೆಯ ವಿಷಯದಲ್ಲಿ ಭಾಷೆ ಬೇರೆಯಾದರೂ ಭಾವನೆ ಒಂದೇ. ಎದೆಯ ಅಥವಾ ಸೊಂಟದ ಒಂದು ಪಕ್ಕದಲ್ಲಿ ಚರ್ಮವು ಕೆಂಪೇರಿ, ಅದರ ಮೇಲೆ ನೀರ್ಗುಳ್ಳೆಗಳು ಸಾಲುಗಟ್ಟಿ ಏಳುವ ಈ ಬೇನೆಯನ್ನು ಕನ್ನಡಿಗರು ‘ಸರ್ಪಸುತ್ತು’ ಎಂದು ಕರೆದರೆ, ಮರಾಠಿಗರು ‘ನಾಗೀಣ’ ಎಂದು ಕರೆಯುತ್ತಾರೆ. ಇಬ್ಬರ ಕಣ್ಣಿಗೂ ಕಂಡುದು ಹಾವೇ.

ವೈದ್ಯಗ್ರಂಥಗಳಲ್ಲಿ ಇದರ ಹೆಸರು ‘ಹರ್ಪೀಸ್ ಜೋಸ್ಟರ್’. ಕೇಳುವುದಕ್ಕೆ ಇದು ಪರಕೀಯವಾಗಿ ತೋರಿದರೂ ಅರ್ಥವನ್ನು ಬಿಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ‘ಹರ್ಪೀಸ್’ ಎಂಬುದು ತೆವಳು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದುದು. ಸಂಸ್ಕೃತದ ‘ಸರ್ಪ’ ಶಬ್ದವೂ ಅದೇ ಮೂಲದಿಂದ ಹುಟ್ಟಿದುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ಜೋಸ್ಟರ್’ ಎಂದರೆ ಗ್ರೀಕಿನಲ್ಲಿ ನಡುಪಟ್ಟಿ. ಹೀಗೆ ಗ್ರೀಕರು ಇಟ್ಟ ಹೆಸರೂ ನಮ್ಮವರು ಇಟ್ಟ ಹೆಸರೂ ಹೆಚ್ಚುಕಡಿಮೆ ಒಂದೇ ಆಗಿವೆ.

ಹೆಸರಿನ ಜೊತೆಯಲ್ಲಿ ಒಂದು ಭಯವೂ ಅಂಟಿಕೊಂಡಿದೆ. ಹಾವಿನ ತಲೆಯೂ ಬಾಲವೂ ಕೂಡಿ ಸುತ್ತು ಪೂರ್ಣವಾದರೆ ರೋಗಿ ಬದುಕುವುದಿಲ್ಲವೆಂಬ ನಂಬಿಕೆ ಹಳ್ಳಿಹಳ್ಳಿಯಲ್ಲಿಯೂ ಉಂಟು. ಹಾವು ಮುಂದೆ ಹರಿಯದಂತೆ ಕೆಮ್ಮಣ್ಣನ್ನು ಹಚ್ಚಿ, ಮಂತ್ರ ಹಾಕಿಸುವುದೂ ಉಂಟು. ಈ ಭಯ ನಿಜವೇ? ನಿಜವಲ್ಲದಿದ್ದರೆ, ನಿಜವಾಗಿ ಭಯಪಡಬೇಕಾದುದು ಯಾವುದಕ್ಕೆ? ಇದನ್ನು ತಿಳಿಯಬೇಕಾದರೆ ಚರ್ಮವನ್ನು ಬಿಟ್ಟು, ಅದರ ಹಿಂದಿರುವ ನರಗಳ ಕಡೆಗೆ ಹೋಗಬೇಕು.

ಅವಿತು ಕುಳಿತ ಶತ್ರು

ಬಾಲ್ಯದಲ್ಲಿ ನಮ್ಮಲ್ಲಿ ಅನೇಕರಿಗೆ ಸೀತಾಳೆ ಸಿಡುಬು ಬಂದಿರುತ್ತದೆ. ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದು ಹೇಳಿ, ಬೇವಿನ ಸೊಪ್ಪನ್ನು ಕಟ್ಟಿ, ಒಂದೆರಡು ವಾರದಲ್ಲಿ ಮಗುವಿಗೆ ನೀರೆರೆದರೆ ಬೇನೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವವಾಗಿ ಅದು ಮುಗಿಯುವುದಿಲ್ಲ. ಸಿಡುಬನ್ನು ತಂದ ವೈರಸ್ ಚರ್ಮದಿಂದ ನರತಂತುಗಳ ಮೂಲಕ ಹಿಂದಕ್ಕೆ ಸರಿದು, ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಅಡಗಿಕೊಳ್ಳುತ್ತದೆ. ಅಲ್ಲಿ ಅದು ನಲವತ್ತು, ಐವತ್ತು, ಅರವತ್ತು ವರ್ಷಗಳವರೆಗೂ ನಿದ್ರಿಸಬಲ್ಲುದು. ರಕ್ತದಲ್ಲಿರುವ ರಕ್ಷಕ ಜೀವಕೋಶಗಳು ಚುರುಕಾಗಿರುವವರೆಗೆ ಅದು ತಲೆಯೆತ್ತುವುದಿಲ್ಲ. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ. ಆಗ ಯಾವುದೋ ಒಂದು ನರಗಂಟಿನಲ್ಲಿ ವೈರಸ್ ಎಚ್ಚರಗೊಂಡು, ಬಂದ ದಾರಿಯಲ್ಲೇ ಚರ್ಮದ ಕಡೆಗೆ ಮರಳುತ್ತದೆ. ಅದೇ ಸರ್ಪಸುತ್ತು.

ಈ ಸಂಬಂಧವನ್ನು ಗೊತ್ತುಮಾಡಿದ ಕಥೆ ಸ್ವಾರಸ್ಯವಾದುದು. ಸರ್ಪಸುತ್ತು ಬಂದವರಿದ್ದ ಮನೆಗಳಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಂಗೇರಿಯ ವೈದ್ಯ ಬೋಕಾಯ್ ಗಮನಿಸಿದ. 1900ರಲ್ಲಿ ಇಂಗ್ಲೆಂಡಿನ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬವರು, ಈ ಬೇನೆ ಬಂದು ಅನಂತರ ಸತ್ತ 21 ಮಂದಿಯ ದೇಹಗಳನ್ನು ಪರೀಕ್ಷಿಸಿ, ಹಾನಿಯಾಗಿರುವುದು ನರಗಂಟಿನಲ್ಲಿಯೇ ಎಂದು ತೋರಿಸಿದರು. ಎರಡು ಬೇನೆಗಳಿಗೂ ಒಂದೇ ವೈರಸ್ ಕಾರಣವೆಂಬುದನ್ನು 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದ. ಅವಿತ ವೈರಸ್ ಮುಪ್ಪಿನಲ್ಲಿ ಎಚ್ಚರಗೊಳ್ಳುವುದೆಂಬ ವಾದವನ್ನು 1965ರಲ್ಲಿ ಮುಂದಿಟ್ಟ ಹೋಪ್-ಸಿಂಪ್ಸನ್ ದೊಡ್ಡ ಸಂಶೋಧನಾಲಯದ ವಿಜ್ಞಾನಿಯಲ್ಲ. ಇಂಗ್ಲೆಂಡಿನ ಸಿರೆನ್ಸೆಸ್ಟರ್ ಎಂಬ ಸಣ್ಣ ಪಟ್ಟಣದ ಸಾಮಾನ್ಯ ವೈದ್ಯ. ತನ್ನ ಬಳಿಗೆ ಬಂದ ರೋಗಿಗಳ ವಿವರವನ್ನು ಹದಿನಾರು ವರ್ಷ ತಪ್ಪದೆ ಬರೆದಿಟ್ಟುಕೊಂಡುದರಿಂದಲೇ ಆತನಿಗೆ ಈ ಸತ್ಯ ಹೊಳೆಯಿತು. ಎಂಬತ್ತೈದು ವರ್ಷ ಬದುಕುವವರಲ್ಲಿ ಅರ್ಧದಷ್ಟು ಮಂದಿಗೆ ಒಮ್ಮೆಯಾದರೂ ಈ ಬೇನೆ ಬರುವುದೆಂದು ಆತ ಲೆಕ್ಕಹಾಕಿದ.

ಈಗ ಹಾವಿನ ಸುತ್ತಿನ ಪ್ರಶ್ನೆಗೆ ಬರೋಣ. ನಮ್ಮ ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ಜೊತೆಯಲ್ಲಿಯೂ ಒಂದು ಎಡಗಡೆಗೆ, ಇನ್ನೊಂದು ಬಲಗಡೆಗೆ. ಎದೆಯ ಭಾಗದ ನರಗಳು ಪಕ್ಕೆಲುಬುಗಳ ಕೆಳಗೆ ಬಾಗಿ ಬಂದು, ತಮ್ಮ ತಮ್ಮ ಪಾಲಿನ ಚರ್ಮದ ಪಟ್ಟಿಗೆ ಸ್ಪರ್ಶಜ್ಞಾನವನ್ನು ಕೊಡುತ್ತವೆ. ಹೊಕ್ಕುಳಿನ ಮಟ್ಟದ ಪಟ್ಟಿ ಎದೆಭಾಗದ ಹತ್ತನೆಯ ನರಕ್ಕೆ ಸೇರಿದುದು. ಎಡದ ನರದ ಸೀಮೆ ದೇಹದ ನಡುಗೆರೆಗೆ ಮುಗಿಯಿತು. ಅಲ್ಲಿಂದಾಚೆಗೆ ಬಲದ ನರದ ಸೀಮೆ. ವೈರಸ್ ಎಚ್ಚರಗೊಂಡುದು ಒಂದು ಪಕ್ಕದ ಒಂದು ಗಂಟಿನಲ್ಲಿ ಆದುದರಿಂದ ಗುಳ್ಳೆಗಳ ಸಾಲು ನಡುಗೆರೆಗೆ ಬಂದು ನಿಂತುಬಿಡುತ್ತದೆ. ಹಾವಿನ ತಲೆ ಬಾಲಗಳು ಕೂಡದಿರುವುದು ಕೆಮ್ಮಣ್ಣಿನ ಗೆರೆಯಿಂದಲ್ಲ, ಶರೀರದ ರಚನೆಯಿಂದ. ಎರಡೂ ಪಕ್ಕಗಳಲ್ಲಿ ಅಥವಾ ಮೈಯೆಲ್ಲ ಗುಳ್ಳೆಗಳೇಳುವುದು ಅಪರೂಪ. ಹಾಗೆ ಎದ್ದರೆ ದೇಹದ ರೋಗನಿರೋಧ ಶಕ್ತಿ ಬಹಳ ಕುಗ್ಗಿದೆಯೆಂದು ತಿಳಿದು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಗುಳ್ಳೆ ಮಾಯ್ದರೂ ಮಾಯದ ನೋವು

ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಒಣಗಿ ಹೊಪ್ಪಳೆಯಾಗಿ ಉದುರುತ್ತವೆ. ಔಷಧಿ ಕೊಟ್ಟರೂ ಕೊಡದಿದ್ದರೂ, ಮಂತ್ರ ಹಾಕಿದರೂ ಹಾಕದಿದ್ದರೂ ಅವು ಉದುರುತ್ತವೆ. ಆದುದರಿಂದಲೇ ಕೆಮ್ಮಣ್ಣಿಗೆ ಇಷ್ಟು ಕೀರ್ತಿ ಬಂದಿದೆ. ತಾನಾಗಿ ಗುಣವಾಗುವ ಬೇನೆಗೆ ಯಾವ ಚಿಕಿತ್ಸೆ ಮಾಡಿದರೂ ಗುಣವಾದುದು ಚಿಕಿತ್ಸೆಯಿಂದಲೇ ಎಂದು ತೋರುವುದು ಮನುಷ್ಯಬುದ್ಧಿಯ ಸಾಮಾನ್ಯ ದೌರ್ಬಲ್ಯ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ತಾನಾಗಿ ಹೋಗದಿರುವುದು ಗುಳ್ಳೆಯಲ್ಲ, ನೋವು. ಯುವಕರಲ್ಲಿ ಗುಳ್ಳೆಯ ಜೊತೆಯಲ್ಲಿ ನೋವೂ ಸಾಮಾನ್ಯವಾಗಿ ಮಾಯವಾಗುತ್ತದೆ. ವಯಸ್ಸಾದವರಲ್ಲಿ ಹಾಗಲ್ಲ. ಅವರಲ್ಲಿ ಕೆಲವರಿಗೆ ಚರ್ಮ ಮಾಯ್ದ ಮೇಲೆಯೂ ಆ ಪಟ್ಟಿಯಲ್ಲಿ ಉರಿ, ಚುಚ್ಚು, ಸಿಡಿತಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಉಟ್ಟ ಧೋತರದ ಅಂಚು ತಗುಲಿದರೂ, ಫ್ಯಾನಿನ ಗಾಳಿ ಬೀಸಿದರೂ ಕೆಂಡ ಸೋಕಿದಂತಾಗುತ್ತದೆ. ನಿದ್ದೆ ಹೋಗುತ್ತದೆ, ಊಟ ಸೇರದಾಗುತ್ತದೆ; ಮಾತನಾಡಿಸಿದರೆ ಸಿಡುಕುವ ಸ್ವಭಾವ ಬರುತ್ತದೆ. ಮೈಮೇಲೆ ಗಾಯ ಕಾಣದಿರುವುದರಿಂದ ಮನೆಯವರು ಇದನ್ನು ‘ಮುಪ್ಪಿನ ಗೊಣಗಾಟ’ ಎಂದು ತಿಳಿಯುವ ಅಪಾಯವೂ ಉಂಟು.

ಈ ನೋವಿಗೆ ಕಾರಣವೇನು? ಸಾಮಾನ್ಯವಾಗಿ ನೋವು ಒಂದು ಸಂದೇಶ. ಮೈಯ ಒಂದೆಡೆ ಪೆಟ್ಟಾಗಿದೆಯೆಂಬ ಸುದ್ದಿ. ಸರ್ಪಸುತ್ತಿನಲ್ಲಿ ವೈರಸ್ ಸುದ್ದಿ ಒಯ್ಯುವ ನರವನ್ನೇ ಹಾಳುಮಾಡುತ್ತದೆ. ಕರೆಗಂಟೆಯ ತಂತಿ ಕೆಟ್ಟು, ಗುಂಡಿಯನ್ನು ಯಾರೂ ಒತ್ತದಿದ್ದರೂ ಗಂಟೆ ತಾನೇ ಬಾರಿಸುತ್ತಿರುವಂತೆ, ಹಾಳಾದ ನರವು ಕಾರಣವಿಲ್ಲದೆಯೇ ಸುದ್ದಿ ಕಳಿಸುತ್ತಿರುತ್ತದೆ. ಈ ಗಂಟೆಯನ್ನು ದಿನವೆಲ್ಲ ಕೇಳಿ ಕೇಳಿ ಬೆನ್ನುಹುರಿಯಲ್ಲಿರುವ ನರಕೋಶಗಳೂ ಅತಿಸೂಕ್ಷ್ಮವಾಗುತ್ತವೆ. ಆಮೇಲೆ ಬಟ್ಟೆಯ ಸ್ಪರ್ಶವೂ ಅವಕ್ಕೆ ನೋವಾಗಿ ಕೇಳಿಸುತ್ತದೆ. ಒಮ್ಮೆ ಈ ಅಭ್ಯಾಸ ಬೇರೂರಿತೆಂದರೆ ಬಿಡಿಸುವುದು ಕಷ್ಟ. ಆದುದರಿಂದ ಅದು ಬೇರೂರುವ ಮುನ್ನವೇ ತಡೆಯಬೇಕು.

ನೋವಿನ ದಾರಿಗೆ ತಡೆ

ಈ ತಡೆಯನ್ನು ಹಾಕುವ ಉಪಾಯಗಳಲ್ಲಿ ಒಂದು ‘ನರ್ವ್ ಬ್ಲಾಕ್’, ಅಂದರೆ ನರತಡೆ. ಇದನ್ನು ಮಾಡುವವರು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರೋಗಿಗೆ ಅರಿವಳಿಕೆ ಕೊಡುವ ತಜ್ಞರು. ಅರಿವಳಿಕೆಯ ಚರಿತ್ರೆಯಲ್ಲಿ ಈ ಪ್ರದೇಶಕ್ಕೂ ಒಂದು ನಂಟುಂಟು. ಬೀದರ್ ಜಿಲ್ಲೆಯು 1956ರಲ್ಲಿ ಕನ್ನಡ ನಾಡಿನೊಡನೆ ಸೇರುವ ಮೊದಲು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ರಾಜಧಾನಿಯಲ್ಲಿ 1888 ಮತ್ತು 1889ರಲ್ಲಿ ಕ್ಲೋರೋಫಾರಂ ಎಷ್ಟು ಸುರಕ್ಷಿತವೆಂಬುದನ್ನು ಪರೀಕ್ಷಿಸಲು ಎಡ್ವರ್ಡ್ ಲಾರಿ ಎಂಬ ವೈದ್ಯನ ನೇತೃತ್ವದಲ್ಲಿ ಎರಡು ಆಯೋಗಗಳು ಕೆಲಸಮಾಡಿದವು. ನಿಜಾಮರು ಹಣ ಕೊಟ್ಟರು. ಅಲ್ಲಿಯೇ ಕಲಿತು ಅರಿವಳಿಕೆ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಹೆಸರಾಗಿದ್ದಾರೆ.

ಕ್ಲೋರೋಫಾರಂ ಮನುಷ್ಯನನ್ನೇ ಮಲಗಿಸುತ್ತದೆ. ಮನುಷ್ಯನನ್ನು ಎಚ್ಚರವಾಗಿಯೇ ಇಟ್ಟು ಒಂದು ನರವನ್ನು ಮಾತ್ರ ಮಲಗಿಸುವ ದಾರಿ ತೆರೆದುದು 1884ರಲ್ಲಿ. ಆ ವರ್ಷ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನ ಹನಿಯಿಂದ ಕಣ್ಣು ಜೋಮುಗಟ್ಟುವುದನ್ನು ತೋರಿಸಿದ. ಬೇಗನೆ ಅಮೆರಿಕದ ಹಾಲ್‌ಸ್ಟೆಡ್ ಅದನ್ನು ನರದ ಬಳಿಗೇ ಸೂಜಿಯಿಂದ ಹಾಕಿ ನೋಡಿದ. ಕೊಕೇನ್ ಚಟ ಹತ್ತಿಸುವ ವಿಷವಾದುದರಿಂದ ಅದಕ್ಕೆ ಬದಲಿಗಳು ಬಂದವು: 1905ರಲ್ಲಿ ಬಳಕೆಗೆ ಬಂದ ಪ್ರೊಕೇನ್, 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೊಕೇನ್, 1957ರಲ್ಲಿ ಬಂದ ಬುಪಿವಕೇನ್. ಸರ್ಪಸುತ್ತಿನ ರೋಗಿಗಳಿಗೆ ಪ್ರೊಕೇನ್ ಚುಚ್ಚಿ ನೋವಿಳಿಸಿದ ವರದಿ 1938ರಷ್ಟು ಹಿಂದೆಯೇ ಪ್ರಕಟವಾಗಿದೆ.

ಈ ಔಷಧಿ ಕೆಲಸಮಾಡುವ ಬಗೆ ಸರಳವಾಗಿದೆ. ನರತಂತುವಿನ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗಲು ಅತಿ ಸಣ್ಣ ಬಾಗಿಲುಗಳಿವೆ. ಒಂದು ಬಾಗಿಲು ತೆರೆದರೆ ಪಕ್ಕದ ಬಾಗಿಲು ತೆರೆಯುತ್ತದೆ. ಹೀಗೆ ಸಾಲಾಗಿ ತೆರೆಯುತ್ತ ಹೋಗುವುದೇ ನರದ ಸಂದೇಶ. ಲಿಡೊಕೇನಿನ ಅಣುಗಳು ಪೊರೆಯನ್ನು ದಾಟಿ ಒಳಗಿನಿಂದ ಈ ಬಾಗಿಲುಗಳಿಗೆ ಅಗಳಿ ಹಾಕುತ್ತವೆ. ಸಂದೇಶ ಅಲ್ಲಿಯೇ ನಿಲ್ಲುತ್ತದೆ. ಮಿದುಳಿಗೆ ಸುದ್ದಿ ತಲಪದಿದ್ದರೆ ನೋವೂ ಇಲ್ಲ.

ಆದರೆ ಲಿಡೊಕೇನಿನ ಪ್ರಭಾವ ಒಂದೆರಡು ಗಂಟೆ, ಬುಪಿವಕೇನಿನದು ಅದಕ್ಕಿಂತ ಕೆಲವು ಗಂಟೆ ಹೆಚ್ಚು. ಹಾಗಿದ್ದರೆ ತಿಂಗಳ ನೋವಿಗೆ ಗಂಟೆಯ ಔಷಧಿ ಏನು ಮಾಡೀತು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಔಷಧಿ ಇಳಿದ ಮೇಲೂ ನೋವು ಮೊದಲಿನಷ್ಟು ಏರದಿರುವುದನ್ನು ವೈದ್ಯರು ಅನೇಕ ರೋಗಿಗಳಲ್ಲಿ ಕಂಡಿದ್ದಾರೆ. ಗಂಟೆ ಕೆಲಹೊತ್ತು ನಿಂತಾಗ ಬೆನ್ನುಹುರಿಯ ಕೋಶಗಳಿಗೆ ವಿಶ್ರಾಂತಿ ದೊರೆತು ಅವುಗಳ ಅತಿಸೂಕ್ಷ್ಮತೆ ತಗ್ಗುತ್ತದೆಯೆಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಔಷಧಿಯ ಜೊತೆಗೆ ಬೆರೆಸುವ ಸ್ಟೀರಾಯ್ಡ್ ನರದ ಸುತ್ತಲಿನ ಬಾವನ್ನು ಇಳಿಸುತ್ತದೆಯೆಂಬುದು ಇನ್ನೊಂದು.

ತಡೆಯನ್ನು ಎಲ್ಲಿ ಹಾಕಬೇಕೆಂಬುದು ಗುಳ್ಳೆಯ ಪಟ್ಟಿಯನ್ನು ಅವಲಂಬಿಸಿದೆ. ಎದೆಯ ಪಟ್ಟಿಯಾದರೆ ಪಕ್ಕೆಲುಬಿನ ಕೆಳಅಂಚಿನಲ್ಲಿ, ಅಥವಾ ನರವು ಬೆನ್ನೆಲುಬಿನಿಂದ ಹೊರಬೀಳುವ ಸ್ಥಳದಲ್ಲಿ. ಹಣೆಯಾದರೆ ಹುಬ್ಬಿನ ಮೇಲಿನ ನರದಲ್ಲಿ. ಮುಖ ಅಥವಾ ತೋಳಾದರೆ ಕುತ್ತಿಗೆಯಲ್ಲಿರುವ ಒಂದು ನರಗಂಟಿನ ಬಳಿ. 2016ರಲ್ಲಿ ಕೆನಡಾದ ವೈದ್ಯರು ಬೆನ್ನಿನ ಸ್ನಾಯುವಿನ ಕೆಳಪದರದಲ್ಲಿ ಔಷಧಿಯನ್ನು ಹರಡುವ ಹೊಸ ವಿಧಾನವೊಂದನ್ನು ವರ್ಣಿಸಿದರು. ಅದರಲ್ಲಿ ಸೂಜಿಯ ತುದಿ ಶ್ವಾಸಕೋಶದಿಂದ ದೂರದಲ್ಲಿರುತ್ತದೆ. ಹಿಂದೆ ಮೂಳೆಯನ್ನು ಬೆರಳಿನಿಂದ ತಡವಿ ಅಂದಾಜಿನಿಂದ ಸೂಜಿ ಹಾಕಬೇಕಾಗಿತ್ತು. ಈಗ ಅಲ್ಟ್ರಾಸೌಂಡ್ ಯಂತ್ರದ ಪರದೆಯ ಮೇಲೆ ಸೂಜಿ ಹೋಗುವ ದಾರಿಯನ್ನು ಕಣ್ಣಾರೆ ನೋಡಬಹುದು.

ಅಪಾಯಗಳು ಇಲ್ಲವೆಂದಲ್ಲ. ಎದೆಯ ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು, ರಕ್ತದೊತ್ತಡ ಇಳಿಯಬಹುದು, ಔಷಧಿ ರಕ್ತನಾಳಕ್ಕೆ ಹೋದರೆ ಸೆಳವು ಬರಬಹುದು, ಹೃದಯದ ಬಡಿತ ಕೆಡಬಹುದು. ಆದುದರಿಂದ ಆಮ್ಲಜನಕವೂ ತುರ್ತು ಔಷಧಿಗಳೂ ಸಿದ್ಧವಾಗಿರುವ ಆಸ್ಪತ್ರೆಯಲ್ಲಿ ಮಾತ್ರ ಇದನ್ನು ಮಾಡತಕ್ಕದ್ದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವ ಹಿರಿಯರು ಆ ಸಂಗತಿಯನ್ನು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡ್ ಕೊಟ್ಟರೆ ಕೆಲವು ದಿನ ರಕ್ತದಲ್ಲಿ ಸಕ್ಕರೆ ಏರುವುದರಿಂದ ಅವರೂ ಹೇಳಬೇಕು.

ಪ್ರಯೋಗಗಳು ಹೇಳುವುದೇನು?

ಒಬ್ಬಿಬ್ಬರಿಗೆ ಗುಣವಾಯಿತೆಂದ ಮಾತ್ರಕ್ಕೆ ಚಿಕಿತ್ಸೆಯನ್ನು ನಂಬಬಾರದೆಂಬ ನಿಯಮವನ್ನು ಕೆಮ್ಮಣ್ಣಿಗೆ ಅನ್ವಯಿಸಿದ ನಾವು ನರತಡೆಗೂ ಅನ್ವಯಿಸಬೇಕು. 2006ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಒಂದು ದೊಡ್ಡ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಐವತ್ತು ವರ್ಷ ದಾಟಿದ 598 ರೋಗಿಗಳಲ್ಲಿ ಒಂದು ಗುಂಪಿಗೆ ವೈರಸ್ ವಿರೋಧಿ ಮಾತ್ರೆ ಮತ್ತು ನೋವಿನ ಔಷಧಿಗಳನ್ನು ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಅವುಗಳ ಜೊತೆಗೆ ಬೆನ್ನುಹುರಿಯ ಹೊರಪೊರೆಯ ಬಳಿ ಬುಪಿವಕೇನ್ ಮತ್ತು ಸ್ಟೀರಾಯ್ಡಿನ ಒಂದು ಇಂಜೆಕ್ಷನ್ ಕೊಟ್ಟರು. ಒಂದು ತಿಂಗಳ ಬಳಿಕ ನೋವು ಉಳಿದಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 58, ಎರಡನೆಯದರಲ್ಲಿ ನೂರಕ್ಕೆ 48. ಆದರೆ ಮೂರು ತಿಂಗಳ ಹೊತ್ತಿಗೆ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ ಒಂದೇ ಇಂಜೆಕ್ಷನ್ನಿನಿಂದ ಮೊದಲ ತಿಂಗಳ ಯಾತನೆ ತಗ್ಗಿತು. ಬಹುಕಾಲದ ನೋವು ತಪ್ಪಲಿಲ್ಲ.

2009ರಲ್ಲಿ ಚೀನಾದ ವೈದ್ಯರು 132 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಬೆನ್ನೆಲುಬಿನ ಪಕ್ಕದಲ್ಲಿ ಒಂದು ವಾರದೊಳಗೆ ನಾಲ್ಕು ಸಲ ತಡೆ ಹಾಕಿದರು. ಒಂದು ವರ್ಷದ ಅನಂತರ ನೋವು ಉಳಿದವರು ತಡೆ ಹಾಕಿದ ಗುಂಪಿನಲ್ಲಿ ನೂರಕ್ಕೆ 2, ಮಾತ್ರೆ ಮಾತ್ರ ಪಡೆದ ಗುಂಪಿನಲ್ಲಿ ನೂರಕ್ಕೆ 16. ಇದು ಸಣ್ಣ ಪರೀಕ್ಷೆಯಾದುದರಿಂದ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಆದರೆ ಎರಡನ್ನೂ ಕೂಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನರತಡೆಯ ಬೆಲೆ ಅದನ್ನು ಯಾವಾಗ ಹಾಕಿದರೆಂಬುದರಲ್ಲಿದೆ. ಮೊದಲ ವಾರಗಳಲ್ಲಿ ಅದು ಹೆಚ್ಚು ಸಹಾಯಮಾಡುತ್ತದೆ. ನೋವು ಬೇರೂರಿ ವರ್ಷಗಳಾದ ಮೇಲೆ ಹಾಕಿದ ತಡೆಯಿಂದ ಕೆಲವರಿಗೆ ಮಾತ್ರ ಉಪಶಮನ ದೊರೆಯುತ್ತದೆ. ಅಂಥವರಿಗೆ ಗ್ಯಾಬಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್ ಮುಂತಾದ ನರದ ನೋವಿನ ಮಾತ್ರೆಗಳೂ, ಚರ್ಮಕ್ಕೆ ಅಂಟಿಸುವ ಲಿಡೊಕೇನ್ ಪಟ್ಟಿಗಳೂ ಆಧಾರ.

ಎಪ್ಪತ್ತೆರಡು ಗಂಟೆ

ನರತಡೆಗಿಂತಲೂ ಮೊದಲು ಬರುವುದು ಅಸೈಕ್ಲೊವಿರ್ ಜಾತಿಯ ಮಾತ್ರೆ. ಇದು ವೈರಸ್ಸು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ಇದನ್ನು ಆರಂಭಿಸಿದರೆ ಪ್ರಯೋಜನ ಹೆಚ್ಚು. ತಡವಾಗಿ ಬಂದವರಿಗೂ ಹೊಸ ಗುಳ್ಳೆಗಳು ಏಳುತ್ತಿದ್ದರೆ ವೈದ್ಯರು ಇದನ್ನು ಕೊಡುವುದುಂಟು.

ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತು ವರ್ಷದ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ಒಂದು ದಿನ ಅವನಿಗೆ ಬಲಪಕ್ಕೆಯಲ್ಲಿ ಉರಿ ತೊಡಗುತ್ತದೆ. ತೊಗರಿಯ ಚೀಲ ಎತ್ತಿದುದರಿಂದ ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ಗುಳ್ಳೆಗೆ ಮೊದಲು ಒಂದೆರಡು ದಿನ ಬರಿಯ ನೋವಿರುವುದು ಈ ಬೇನೆಯ ಲಕ್ಷಣವೇ. ಮೂರನೆಯ ದಿನ ಗುಳ್ಳೆಗಳೇಳುತ್ತವೆ. ‘ಸರ್ಪಸುತ್ತು’ ಎಂದು ಮನೆಯವರು ಸರಿಯಾಗಿಯೇ ಗುರುತಿಸುತ್ತಾರೆ. ಆಮೇಲೆ ಕೆಮ್ಮಣ್ಣು ಹಚ್ಚಿಸಲು ಒಂದು ಭಾನುವಾರ, ಇನ್ನೊಮ್ಮೆ ಹಚ್ಚಿಸಲು ಗುರುವಾರ. ವೈದ್ಯನ ಬಳಿಗೆ ಹೋಗುವ ಹೊತ್ತಿಗೆ ಹತ್ತು ದಿನ ಕಳೆದಿರುತ್ತವೆ. ರೋಗವನ್ನು ಗುರುತಿಸುವುದರಲ್ಲಿ ಹಳ್ಳಿಯವರು ಸೋಲಲಿಲ್ಲ; ಗಡಿಯಾರವನ್ನು ನೋಡುವುದರಲ್ಲಿ ಸೋತರು.

ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡರಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ರೋಗವನ್ನು ನಿಶ್ಚಯಿಸಿ ಮಾತ್ರೆ ಆರಂಭಿಸುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ನೋಡುವ ವೈದ್ಯರ ಕಣ್ಣು ಸಾಕು. ಮಾತ್ರೆಯಿಂದ ನೋವು ಹತೋಟಿಗೆ ಬಾರದಿದ್ದರೆ ನರತಡೆಯ ವಿಷಯವನ್ನು ಅರಿವಳಿಕೆ ತಜ್ಞರಲ್ಲಿ ಕೇಳಬೇಕು. ಹುಮನಾಬಾದಿನಿಂದ ಬೀದರಿಗೆ ಸುಮಾರು 50 ಕಿಲೋಮೀಟರ್, ಕಲಬುರಗಿಗೆ ಸುಮಾರು 60. ಎರಡು ನಗರಗಳಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ಅರಿವಳಿಕೆ ವಿಭಾಗಗಳಿವೆ. ಹೊರಡುವ ಮೊದಲು ನೋವಿನ ಚಿಕಿತ್ಸೆ ಯಾವ ದಿನ ದೊರೆಯುವುದೆಂದು ತಾಲ್ಲೂಕು ವೈದ್ಯರಿಂದ ವಿಚಾರಿಸಿಕೊಂಡು, ಚೀಟಿ ಬರೆಸಿಕೊಂಡು ಹೋದರೆ ಮುದುಕರಿಗೆ ಅಲೆದಾಟ ತಪ್ಪುತ್ತದೆ.

ಗುಳ್ಳೆ ಹಣೆಯ ಮೇಲೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಎದ್ದರೆ ಒಂದು ದಿನವೂ ತಡಮಾಡಬಾರದು. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿನ ಒಳಭಾಗಕ್ಕೂ ಹೋಗುವುದರಿಂದ ದೃಷ್ಟಿಗೆ ಅಪಾಯವುಂಟು. ಸೀತಾಳೆ ಸಿಡುಬು ಬಾರದಿರುವ ಮಕ್ಕಳಿಗೂ ಗರ್ಭಿಣಿಯರಿಗೂ ಗುಳ್ಳೆಯ ನೀರಿನಿಂದ ಸಿಡುಬು ಅಂಟಬಹುದು. ಅದು ಒಣಗುವವರೆಗೆ ಬಟ್ಟೆಯಿಂದ ಮುಚ್ಚಿಡಬೇಕು.

ಬೇನೆಯೇ ಬಾರದಂತೆ ತಡೆಯುವ ಲಸಿಕೆಯೂ ಈಗ ಉಂಟು. ಜೀವಂತ ವೈರಸ್ಸಿಲ್ಲದ, ಎರಡು ಸಲ ಹಾಕಿಸಿಕೊಳ್ಳಬೇಕಾದ ಈ ಲಸಿಕೆ ಭಾರತದಲ್ಲಿ 2023ರಿಂದ ದೊರೆಯುತ್ತಿದೆ. ಐವತ್ತು ದಾಟಿದವರಲ್ಲಿ ಇದರ ರಕ್ಷಣೆ ನೂರಕ್ಕೆ 90ಕ್ಕಿಂತ ಹೆಚ್ಚೆಂದು ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಬೆಲೆ ಮಾತ್ರ ಸಾಮಾನ್ಯ ರೈತ ಕುಟುಂಬಕ್ಕೆ ಭಾರವಾದುದು. ಅದು ಎಲ್ಲರ ಕೈಗೆ ಎಟಕುವ ದಿನದವರೆಗೆ ನಮ್ಮ ಹಿರಿಯರನ್ನು ಕಾಯಬೇಕಾದುದು ಎಚ್ಚರದಿಂದಲೇ. ಮನೆಯ ಅಜ್ಜನಿಗೋ ಅಜ್ಜಿಗೋ ಮೈಯ ಒಂದೇ ಪಕ್ಕದಲ್ಲಿ ಉರಿಯ ಜೊತೆಗೆ ಗುಳ್ಳೆಗಳ ಸಾಲು ಕಂಡರೆ, ಓದುವ ಹುಡುಗನಾಗಲಿ ಹುಡುಗಿಯಾಗಲಿ ಆ ದಿನವನ್ನೂ ಹೊತ್ತನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ಅವರನ್ನು ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ವೈದ್ಯರು ಮೊದಲು ಕೇಳುವುದು ಅದನ್ನೇ.